ಅಂಗಿಯ ಮೇಲೆ ಅಜ್ಜನ ಮುಖ: ಬಣ್ಣ ಒಂದೇ, ತಾಪತ್ರಯ ನೂರು!

ಕಾಸರಗೋಡು: ಕ್ಲಬ್ಬಿನ ಸ್ಥಾಪಕರ ಸ್ಮರಣಾರ್ಥ ಕಬಡ್ಡಿ ಪಂದ್ಯ. ಆಟಗಾರರಿಗೆ, ಸ್ವಯಂಸೇವಕರಿಗೆ ಅಂತ ಐವತ್ತು ಟೀ ಶರ್ಟ್. ಎದೆಯ ಮೇಲೆ ಹಿರಿಯರ ಮುಖ, ಕೆಳಗೆ ಕನ್ನಡದಲ್ಲಿ ಹೆಸರು. ಖರ್ಚು ಉಳಿಯಲಿ ಎಂದು ಒಂದೇ ಬಣ್ಣ. ಹುಡುಗರು ಮೊಬೈಲಿನಲ್ಲಿದ್ದ ಫೋಟೋವನ್ನು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಕಳಿಸಿ, ‘ಇದನ್ನೇ ಹಾಕಿ ಕೊಡಿ ಅಣ್ಣಾ’ ಎಂದು ನಿಶ್ಚಿಂತರಾಗುತ್ತಾರೆ. ಪಂದ್ಯದ ಮುನ್ನಾದಿನ ಕಟ್ಟು ಬಿಚ್ಚಿದರೆ ಎದೆಯ ಮೇಲೆ ಮಸಿ ಚೆಲ್ಲಿದ ಹಾಗೆ ಏನೋ ಒಂದು. ‘ಇದು ಯಾರು ಮಾರಾಯ್ರೆ?’ ಎಂದು ಒಬ್ಬರ ಮುಖ ಒಬ್ಬರು ನೋಡುವ ಸ್ಥಿತಿ. ಮರುದಿನ ಮುಂದಿನ ಸಾಲಿನಲ್ಲಿ ಕೂರುವವರು ಆ ಹಿರಿಯರ ಹೆಂಡತಿ, ಮಕ್ಕಳು!

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಯುವಕ ಮಂಡಲವಿಲ್ಲದ ಊರು ಹುಡುಕಬೇಕು. ಹಾಗಾಗಿ ಈ ಪೇಚಾಟವೂ ಹೊಸತಲ್ಲ. ತಪ್ಪು ಅಂಗಡಿಯವರದ್ದೇ ಎಂದು ಎಲ್ಲರೂ ಹೇಳುತ್ತಾರೆ. ನಿಜಕ್ಕಾದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಹಾಳಾಗುವುದು ಫೋಟೋ ಆರಿಸುವಾಗಲೇ.

ಬೂದು ಬಣ್ಣ ಎಂಬುದಿಲ್ಲ

ಫೋಟೋದಲ್ಲಿ ಕಪ್ಪಿಗೂ ಬಿಳಿಗೂ ನಡುವೆ ನೂರೆಂಟು ಛಾಯೆ ಇರುತ್ತದೆ. ಸ್ಕ್ರೀನ್‌ಗೆ ಅದು ತಿಳಿಯದು. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಗೆ ಎಮಲ್ಷನ್ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ಫಿಲ್ಮ್ ಇಟ್ಟು ಬೆಳಕು ಬಿಡುತ್ತಾರೆ. ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿ. ಫಿಲ್ಮಿನ ಕಪ್ಪು ಅಡ್ಡವಾದಲ್ಲಿ ಮೆತ್ತಗೆ ಉಳಿದು ನೀರಿಗೆ ತೊಳೆದು ಹೋಗುತ್ತದೆ. ಆ ಕಿಂಡಿಯಿಂದ ಮಾತ್ರ ಶಾಯಿ ಇಳಿಯುವುದು. ಇಳಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಕೆನ್ನೆಯ ತೆಳು ನೆರಳಿಗೆ ಅಲ್ಲಿ ಜಾಗವೇ ಇಲ್ಲ.

ಚೆ ಗುವೇರಾ ಮುಖವನ್ನೇ ನೋಡಿ. ಕೇರಳದಲ್ಲಿ ಅದು ಕಾಣದ ಬೀದಿ ಕಡಿಮೆ. ಕ್ಯೂಬಾದ ಛಾಯಾಗ್ರಾಹಕ ಆಲ್ಬರ್ಟೊ ಕೊರ್ಡಾ ಆ ಚಿತ್ರ ತೆಗೆದದ್ದು 1960ರ ಮಾರ್ಚ್ 5ರಂದು, ಹವಾನಾದ ಶೋಕಸಭೆಯಲ್ಲಿ. ಮೂಲ ಚಿತ್ರದಲ್ಲಿ ಒಂದು ಬದಿಗೆ ಇನ್ನೊಬ್ಬನ ಮುಖ, ಮತ್ತೊಂದು ಬದಿಗೆ ತಾಳೆಯ ಗರಿಗಳಿದ್ದವು. ಅವನ್ನು ಕತ್ತರಿಸಿ ಹಾಕಲಾಯಿತು. 1968ರಲ್ಲಿ ಐರ್ಲೆಂಡಿನ ಕಲಾವಿದ ಜಿಮ್ ಫಿಟ್ಜ್‌ಪ್ಯಾಟ್ರಿಕ್ ಅದನ್ನು ಬರೀ ಗೆರೆ, ಗಟ್ಟಿ ಕಪ್ಪಿಗೆ ಇಳಿಸಿದ ಮೇಲೆ ಮುಖ ಲೋಕವೆಲ್ಲ ಸುತ್ತಿತು. ಕಪ್ಪು ಟೋಪಿ, ಕಪ್ಪು ಕೂದಲು, ಗಡ್ಡ, ಕಣ್ಣ ಕೆಳಗೆ ದಟ್ಟ ನೆರಳು. ಒಂದೇ ಬಣ್ಣಕ್ಕೆ ಹೇಳಿ ಮಾಡಿಸಿದಂಥ ಮುಖ.

ನಮ್ಮ ಊರಿನ ಅಜ್ಜಂದಿರ ಫೋಟೋ ಹಾಗಿರುವುದಿಲ್ಲ, ನೋಡಿ. ಮನೆಯಲ್ಲಿ ಸಿಗುವುದು ಪಾಸ್‌ಪೋರ್ಟ್ ಅಳತೆಯದ್ದು. ಎದುರಿನಿಂದಲೇ ಫ್ಲ್ಯಾಶ್ ಹೊಡೆದ ಕಾರಣ ನೆರಳಿಲ್ಲ. ನೆರಳಿಲ್ಲದ ಮೇಲೆ ಮೂಗೂ ಇಲ್ಲ! ಬಿಳಿ ಕೂದಲು, ಬಿಳಿ ಅಂಗಿ ಬಿಳಿ ಬಟ್ಟೆಯಲ್ಲಿ ಕರಗಿ ಹೋಗುತ್ತವೆ. ಕನ್ನಡಕದ ಗಾಜು ಹೊಳೆದರೆ ಕಣ್ಣಿನ ಜಾಗದಲ್ಲಿ ಎರಡು ತೂತು. ಅದಕ್ಕೇ ಕಿಟಕಿ ಬದಿಯಲ್ಲಿ ಕೂತಾಗಲೋ ಅಂಗಳದಲ್ಲಿ ನಿಂತಾಗಲೋ ತೆಗೆದ, ಬೆಳಕು ಒಂದು ಕಡೆಯಿಂದ ಬಿದ್ದ ಚಿತ್ರ ಹುಡುಕಬೇಕು. ಹಳೆಯ ಆಲ್ಬಮಿನ ಪ್ರತಿಯನ್ನು ಮೊಬೈಲಿನಲ್ಲಿ ಹೊಡೆದು ವಾಟ್ಸಾಪಿನಲ್ಲಿ ಕಳಿಸಬೇಡಿ, ಚಿತ್ರ ಕುಗ್ಗುತ್ತದೆ. ಸ್ಕ್ಯಾನ್ ಮಾಡಿಸಿ. ಎದೆಯ ಮೇಲೆ 10 ಇಂಚು ಅಗಲ ಬೇಕಿದ್ದರೆ ಇಂಚಿಗೆ 300ರ ಲೆಕ್ಕದಲ್ಲಿ 3000 ಪಿಕ್ಸೆಲ್ ಇದ್ದರೆ ಚಿಂತೆಯಿಲ್ಲ.

ಗೆರೆಯೋ, ಚುಕ್ಕೆಯೋ?

ಫೋಟೋಶಾಪ್‌ನಲ್ಲಿ ಮೊದಲು ಹಿನ್ನೆಲೆ ತೆಗೆಯುವುದು, ಆಮೇಲೆ ಕಪ್ಪು ಬಿಳುಪಿಗೆ ತರುವುದು. ಮುಂದೆ ದಾರಿ ಎರಡು. ‘ಥ್ರೆಶೋಲ್ಡ್’ ಒತ್ತಿದರೆ ಒಂದು ಮಟ್ಟಕ್ಕಿಂತ ಗಾಢವಾದದ್ದೆಲ್ಲ ಕಪ್ಪು, ಉಳಿದದ್ದು ಬಿಳಿ. 128ರಲ್ಲಿ ಶುರುವಾಗುವ ಆ ಅಂಕಿಯನ್ನು ಹಾಗೇ ಬಿಟ್ಟರೆ ಕೆಲಸ ಕೆಟ್ಟಿತು. ಕಣ್ಣಿಗೆ ಒಂದು ಅಂಕಿ ಸರಿ, ಬಾಯಿಗೆ ಇನ್ನೊಂದು. ಎರಡು ಮೂರು ಪ್ರತಿ ಮಾಡಿ, ಒಂದರ ಕಣ್ಣು ಇನ್ನೊಂದರ ಗಲ್ಲ ಸೇರಿಸಿ, ಉಳಿದದ್ದನ್ನು ಬ್ರಷ್ ಹಿಡಿದು ತಿದ್ದಬೇಕು. ಮಿಷನ್ ಮಾಡುವ ಕೆಲಸವಲ್ಲ ಇದು. ಮುಖದ ಗುರುತು ಇರುವುದು ಹುಬ್ಬು, ಕಣ್ಣು, ತುಟಿಗಳ ನಡುವಿನ ಗೆರೆ, ಕೂದಲಿನ ಅಂಚಿನಲ್ಲಿ. ಅಷ್ಟು ಸರಿಬಂದರೆ ಕೆನ್ನೆಯಲ್ಲಿ ಏನೂ ಇಲ್ಲದಿದ್ದರೂ ನಡೆಯುತ್ತದೆ. ಬಿಳಿ ತಲೆಗೂದಲಿಗೆ ಹಿಂದೆ ಗಟ್ಟಿ ಬಣ್ಣದ ವೃತ್ತ ಕೊಟ್ಟರೆ ತಲೆ ಎದ್ದು ಕಾಣುತ್ತದೆ.

ಇನ್ನೊಂದು ಹಾಫ್‌ಟೋನ್, ಪತ್ರಿಕೆಯ ಫೋಟೋದ ಹಾಗೆ ದಪ್ಪ ಸಣ್ಣ ಚುಕ್ಕೆಗಳ ಆಟ. ಹತ್ತಿ ಬಟ್ಟೆಗೆ ಇಂಚಿಗೆ 45 ಸಾಲು ಸಾಕು. ಅದಕ್ಕೆ ಇಂಚಿಗೆ ಸುಮಾರು 200 ಎಳೆಯ ಜಾಲರಿ ಬೇಕು. ಒರಟು ಜಾಲರಿಯಲ್ಲಿ ಸಣ್ಣ ಚುಕ್ಕೆ ನಿಲ್ಲುವುದೇ ಇಲ್ಲ. ಚುಕ್ಕೆಗಳ ಸಾಲು 22.5 ಡಿಗ್ರಿ ಓರೆಯಾಗಿದ್ದರೆ ಎಳೆಯ ಜೊತೆ ತಾಗಿ ಅಲೆಯಲೆಯಾಗುವ ಕಾಟ ಕಡಿಮೆ. ಬಟ್ಟೆಗೆ ಬಿದ್ದ ಶಾಯಿ ಹರಡಿ ಚುಕ್ಕೆ ದಪ್ಪವಾಗುವುದರಿಂದ, ಕಂಪ್ಯೂಟರ್ ಪರದೆಯಲ್ಲಿ ಮುಖ ಸ್ವಲ್ಪ ಬಿಳಿಚಿದಂತೆ ಕಂಡರೂ ಗಾಬರಿ ಬೇಡ.

ದೊಡ್ಡ ಎಡವಟ್ಟಾಗುವುದು ಕಪ್ಪು ಅಂಗಿಯಲ್ಲಿ. ಬಿಳಿ ಶಾಯಿಗೂ ಅದೇ ಫಿಲ್ಮ್ ಹಾಕಿದರೆ ಕೂದಲು, ಹುಬ್ಬು ಬಿಳಿ, ಮುಖ ಕಪ್ಪು. ಹಳೆಯ ಸ್ಟುಡಿಯೋ ನೆಗೆಟಿವ್‌ನ ಭೂತ! ಇಲ್ಲಿ ಅಚ್ಚಾಗಬೇಕಾದ್ದು ಮುಖದ ಬೆಳಕು. ನೆರಳಿನ ಕೆಲಸ ಅಂಗಿಯದ್ದು. ಫಿಲ್ಮ್ ತಿರುವು ಮುರುವು ಮಾಡಿಸಬೇಕು, ಹಿನ್ನೆಲೆ ಅಂಗಿಯ ಬಣ್ಣದಲ್ಲೇ ಉಳಿಯಬೇಕು.

ಹೆಸರಿನ ಒತ್ತು ಹೋದರೆ...

ಮುಖ ಚೆಂದ ಬಂದು ಹೆಸರು ಕೆಟ್ಟರೆ? ಗಡಿನಾಡಿನಲ್ಲಿ ಇದೂ ಒಂದು ಚಿಂತೆ. ನುಡಿ, ಬರಹದ ಹಳೆ ಫಾಂಟಿನಲ್ಲಿ ಟೈಪಿಸಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಮಲಯಾಳ ಮಾತ್ರ ಓದಬಲ್ಲ ಹುಡುಗನಿಗೆ ಒಂದು ಒತ್ತು ಬಿಟ್ಟುಹೋದದ್ದು ಕಾಣುವುದಾದರೂ ಹೇಗೆ? ಅವನನ್ನು ಬೈದು ಫಲವಿಲ್ಲ. ಅಕ್ಷರವನ್ನು ಕೋರೆಲ್‌ಡ್ರಾದಲ್ಲಿ ಕರ್ವ್ಸ್‌ಗೆ ತಿರುಗಿಸಿ ಕೊಡಿ, ಕನ್ನಡ ಬಲ್ಲವರೊಬ್ಬರು ಫಿಲ್ಮ್ ಓದಿಯೇ ಒಪ್ಪಿಗೆ ಕೊಡಲಿ. ಠ, ಧ, ಕ್ಷಗಳ ಒಳಕಿಂಡಿ ಶಾಯಿಯಲ್ಲಿ ಮುಚ್ಚಿಹೋಗುವುದುಂಟು. ಒತ್ತಕ್ಷರ ತೀರಾ ಸಣ್ಣದಾಗದಷ್ಟು ದೊಡ್ಡ ಅಕ್ಷರವೇ ಇರಲಿ.

ಈಗ ಡಿಟಿಎಫ್ ಬಂದಿದೆ, ಬಣ್ಣದ ಫೋಟೋವನ್ನೇ ಅಂಗಿಗೆ ಅಂಟಿಸುತ್ತಾರೆ. ಒಂದೆರಡು ಅಂಗಿಗೆ ಅದು ಸಲೀಸು. ಐವತ್ತು, ನೂರು ಎಂದಾಗ ಒಂದೇ ಬಣ್ಣದ ಸ್ಕ್ರೀನ್ ಇನ್ನೂ ಅಗ್ಗ.

ಫಿಲ್ಮ್ ತೆಗೆಸುವ ಮೊದಲು ಅದೇ ಅಳತೆಯಲ್ಲಿ ಕಾಗದದ ಮೇಲೊಂದು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಹತ್ತು ಅಡಿ ದೂರ ನಿಂತು ನೋಡಿ. ಆಮೇಲೆ ಅದನ್ನು ಆ ಹಿರಿಯರ ಮನೆಗೆ ಒಯ್ಯಿರಿ, ಯಾರೆಂದು ಹೇಳಬೇಡಿ. ಮನೆಯ ಅಕ್ಕ ಕನ್ನಡಕ ಹುಡುಕದೆ ‘ಇದು ಅಪ್ಪ ಅಲ್ವಾ?’ ಎಂದರೆ ಅಂಗಡಿಗೆ ಹೋಗಬಹುದು. ‘ಯಾರಿದು?’ ಎಂದರೆ ಆಲ್ಬಮಿನಲ್ಲಿ ಬೇರೆ ಫೋಟೋ ಇದೆಯೇ ಎಂದು ಅಲ್ಲೇ ಕೂತು ಹುಡುಕಿ. ಕೆಲಸ ಮುಗಿದ ಮೇಲೆ ಫಿಲ್ಮ್ ಕೇಳಿ ಪಡೆದು ಕ್ಲಬ್ಬಿನ ಫೈಲಿನಲ್ಲಿಡಿ. ಅಂಗಡಿಯಲ್ಲಿ ಸ್ಕ್ರೀನ್ ತೊಳೆದು ಇನ್ನೊಬ್ಬರ ಕೆಲಸಕ್ಕೆ ಹಾಕುತ್ತಾರೆ.