ಗದ್ದೆಗೆ ಹಾಕಿದ ಯೂರಿಯಾ ಎಲ್ಲಿ ಹೋಯ್ತು?

ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆ. ತುಂಗಭದ್ರಾ ಕಾಲುವೆ ನೀರು ನಿಂತಿದೆ. ಯೂರಿಯಾ ಎರಚಿದ ಕೆಲವೇ ದಿನದಲ್ಲಿ ಪೈರು ಕಡುಹಸಿರು. ನೋಡೋಕೇನೋ ಚೆಂದ. ಆದ್ರೆ ಲೆಕ್ಕ ಹಾಕಿ.

45 ಕೆಜಿ ಚೀಲದಲ್ಲಿ ಸಾರಜನಕ ಶೇ. 46. ಅಂದ್ರೆ ಸುಮಾರು 21 ಕೆಜಿ. ಅದರಲ್ಲಿ ಅರ್ಧವೂ ಸಾಮಾನ್ಯವಾಗಿ ಭತ್ತಕ್ಕೆ ದಕ್ಕಲ್ಲ. ಉಳಿದದ್ದು?

ಒಂದಷ್ಟು ಅಮೋನಿಯಾ ಆಗಿ ಗಾಳಿಗೆ. ಒಂದಷ್ಟು ನೈಟ್ರೇಟ್ ಆಗಿ ಹಳ್ಳಕ್ಕೆ, ಅಂತರ್ಜಲಕ್ಕೆ. ಗದ್ದೆ ಒಣಗಿ ಮತ್ತೆ ನೆನೆಯುವಾಗ ಮಣ್ಣಿನ ಸೂಕ್ಷ್ಮಜೀವಿಗಳು ಇನ್ನೊಂದಷ್ಟನ್ನು ನೈಟ್ರಸ್ ಆಕ್ಸೈಡ್ ಮಾಡ್ತವೆ. ನೂರು ವರ್ಷದ ಲೆಕ್ಕದಲ್ಲಿ, ಕೆಜಿಗೆ ಕೆಜಿ ಹೋಲಿಸಿದ್ರೆ, ಭೂಮಿಯನ್ನು ಬಿಸಿ ಮಾಡೋದ್ರಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು!

ರೈತರನ್ನ ಬೈಯೋದು ಸುಲಭ. ಆದ್ರೆ 2010ರಲ್ಲಿ ಸಬ್ಸಿಡಿ ಪದ್ಧತಿ ಬದಲಾದ ಮೇಲೆ ರಂಜಕ, ಪೊಟ್ಯಾಷ್ ಗೊಬ್ಬರ ತುಟ್ಟಿಯಾದವು. ಯೂರಿಯಾ ಮಾತ್ರ ಆ ಪದ್ಧತಿಯಿಂದ ಹೊರಗುಳಿದು ಅಗ್ಗವಾಗೇ ಇತ್ತು. ಅಗ್ಗದ್ದನ್ನೇ ಅಲ್ವಾ ಯಾರಾದ್ರೂ ಹೆಚ್ಚು ಎರಚೋದು?

ಇತ್ತ ಪ್ರತಿ ಬೆಳೆಯೂ ಮಣ್ಣಿಂದ ಪೊಟ್ಯಾಷ್, ಸತು ಎಳ್ಕೊಳ್ತಾನೇ ಇರುತ್ತೆ. ಯೂರಿಯಾ ಅವನ್ನು ವಾಪಸ್ ಕೊಡಲ್ಲ. ಸತು ಕಮ್ಮಿಯಾದ್ರೆ ಭತ್ತದ ಎಲೆ ಮೇಲೆ ತುಕ್ಕಿನ ಬಣ್ಣದ ಚುಕ್ಕೆ, ಪೈರು ಗಿಡ್ಡ. ಅದನ್ನು ನೋಡಿ 'ಗೊಬ್ಬರ ಸಾಲ್ದು' ಅಂತ ಇನ್ನೊಂದು ಚೀಲ ಯೂರಿಯಾ ತಂದ್ರೆ? ರೋಗ ಒಂದು, ಮದ್ದು ಇನ್ನೊಂದು.

ಮಣ್ಣು ಪರೀಕ್ಷೆ ಮಾಡಿಸಿದ್ರೆ ಯಾವುದು ಕಮ್ಮಿ ಅಂತ ಗೊತ್ತಾಗುತ್ತೆ. ನಾಟಿಗೆ ಮುಂಚೆ ಡಯಾಂಚ ಅನ್ನೋ ಹಸಿರೆಲೆ ಗೊಬ್ಬರದ ಗಿಡ ಬೆಳೆದು, ಹೂ ಬಿಡೋ ಹೊತ್ತಿಗೆ ಮಣ್ಣಿಗೆ ಸೇರಿಸಿದ್ರೆ ಅದೇ ಸಾರಜನಕ ಕೊಡುತ್ತೆ. ಯೂರಿಯಾ ಬೇಕೇ ಬೇಕು ಅಂದ್ರೆ, ಒಂದೇ ಸಲ ಸುರೀಬೇಡಿ; ಎರಡು-ಮೂರು ಕಂತಲ್ಲಿ ಕೊಡಿ.