ಹಳೇ ಮನೆಗೆ ಹೊಸ ವೈರಿಂಗ್

ನಮ್ಮ ಅಡುಗೆಮನೆಯಲ್ಲಿ ಗ್ರೈಂಡರಿನ ಮುಂದೆ ಯಾವಾಗಲೂ ಒಂದು ಮಣೆ ಇರುತ್ತಿತ್ತು. ಹಲಸಿನ ಹಲಗೆಯ, ಊಟಕ್ಕೆ ಕೂರುವ ಮಣೆ. ದೋಸೆಗೆ ರುಬ್ಬುವವರು ಅದರ ಮೇಲೆ ನಿಂತೇ ರುಬ್ಬಬೇಕು. ಬರಿಗಾಲಲ್ಲಿ ನೆಲದ ಮೇಲೆ ನಿಂತು ಗ್ರೈಂಡರು ಮುಟ್ಟಿದರೆ ಬೆರಳ ತುದಿಗೆ ಚುರ್ ಅನ್ನುತ್ತಿತ್ತು. ಬಚ್ಚಲುಮನೆಯ ನಲ್ಲಿಯದೂ ಮಳೆಗಾಲದಲ್ಲಿ ಇದೇ ಪಾಡು. ಹವಾಯಿ ಚಪ್ಪಲಿ ಮೆಟ್ಟಿಕೊಂಡು ನಲ್ಲಿ ತಿರುಗಿಸುತ್ತಿದ್ದೆವು. ಇದೊಂದು ದೋಷ ಅಂತ ನಮಗೆ ಯಾರಿಗೂ ಅನ್ನಿಸಿರಲಿಲ್ಲ. ಹಳೇ ಮನೆ ಅಂದಮೇಲೆ ಸೂರು ಸೋರುವುದು, ಅಟ್ಟದಲ್ಲಿ ಇಲಿ ಓಡುವುದು ಇದ್ದ ಹಾಗೆ ಇದೂ ಒಂದು ಎಂದುಕೊಂಡಿದ್ದೆವು. ನಿಮ್ಮ ಮನೆಯಲ್ಲೂ ಇಂಥ ಒಂದು ಮಣೆ ಇದೆಯೆ? ಇದ್ದರೆ ಇದನ್ನು ದಯವಿಟ್ಟು ಕೊನೆಯತನಕ ಓದಿ.

ಮೂರು ವರ್ಷದ ಹಿಂದಿನ ಆಷಾಢದ ಮಾತು. ಮನೆಗೆಲಸಕ್ಕೆ ಹೊಸದಾಗಿ ಒಬ್ಬ ಹುಡುಗಿ ಬಂದಿದ್ದಳು. ಬಂದು ನಾಲ್ಕು ದಿನವಾಗಿತ್ತು, ಅಷ್ಟೆ. ಅಂದು ನೆಲ ಒರೆಸಿ ಮಣೆಯನ್ನು ಗೋಡೆಗೆ ಒರಗಿಸಿಟ್ಟಿದ್ದೆವು. ನಾನು ಜಗಲಿಯಲ್ಲಿ ಯಾರೊಡನೆಯೋ ಮಾತಾಡುತ್ತಾ, "ಹಿಟ್ಟು ನುಣ್ಣಗಾಗಿದೆಯಾ ಸ್ವಲ್ಪ ನೋಡು ಮಾರಾಯ್ತಿ" ಅಂತ ಕೂಗಿ ಹೇಳಿದೆ. ಮರುಕ್ಷಣ ಪಾತ್ರೆ ಉರುಳಿದ ಸದ್ದು. ಓಡಿಹೋಗಿ ನೋಡಿದರೆ ಹುಡುಗಿ ಗೋಡೆಗೆ ಬಡಿದು ಕೂತಿದ್ದಾಳೆ, ಮಾತೇ ಇಲ್ಲ, ಕೈ ಒಂದೇಸಮ ನಡುಗುತ್ತಿದೆ, ಗ್ರೈಂಡರು ತನ್ನ ಪಾಡಿಗೆ ತಿರುಗುತ್ತಿದೆ. ಅವಳ ಕೈ ಅಂಟಿಕೊಳ್ಳದೆ ಎಸೆದದ್ದೇ ದೊಡ್ಡದು. ಡಾಕ್ಟರ ಹತ್ತಿರ ಕರೆದೊಯ್ದು, ಇ.ಸಿ.ಜಿ. ಮಾಡಿಸಿ, ಏನೂ ತೊಂದರೆಯಿಲ್ಲ ಅಂದಮೇಲೆ ನನಗೆ ಉಸಿರು ಬಂತು.

ಸಂಜೆ ಅವಳ ತಾಯಿ ಬಂದರು. ಜಗಳ ಮಾಡಲಿಲ್ಲ, ಕೂಗಾಡಲಿಲ್ಲ. ಕೊಟ್ಟ ಕಾಫಿಯನ್ನೂ ಕುಡಿದರು. ಹೋಗುವಾಗ ಒಂದೇ ಮಾತು ಕೇಳಿದರು: "ಆ ಮಣೆ ವಿಷ್ಯ ನಿಮಗೆಲ್ಲಾ ಮೊದ್ಲೇ ಗೊತ್ತಿತ್ತಾ ಅಮ್ಮಾ?"

ನಾನು ಏನು ಉತ್ತರ ಕೊಡಲಿ, ನೀವೇ ಹೇಳಿ.

ನಮ್ಮದು ಸಾಗರದ ಕಡೆಯ ಒಂದು ಸಣ್ಣ ಪೇಟೆ. ಜೋಗದಲ್ಲಿ 1948ರಲ್ಲೇ ಕರೆಂಟು ತಯಾರಾದರೂ ನಮ್ಮ ಮನೆಗೆ ದೀಪ ಬಂದದ್ದು 1968ರಲ್ಲಿ. ಮಾವನವರು ಮುತುವರ್ಜಿಯಿಂದ ಮಾಡಿಸಿದ ಕೆಲಸ. ತೇಗದ ಪಟ್ಟಿಯ ಮೇಲೆ, ತಗಡಿನ ಸಣ್ಣ ಕ್ಲಿಪ್ಪು ಬಡಿದು, ಬಟ್ಟೆ ಸುತ್ತಿದ ರಬ್ಬರ್ ವೈರು ಎಳೆದಿದ್ದರು. ಐದು ದೀಪ, ಒಂದು ರೇಡಿಯೋ ಪ್ಲಗ್ಗು, ಇಷ್ಟೇ ಲೆಕ್ಕ. ಆಮೇಲೆ ಬಂದದ್ದೆಲ್ಲ ಇದಕ್ಕೇ ಜೋತುಬಿದ್ದವು: ಫ್ಯಾನು, ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಟಿ.ವಿ., ಫ್ರಿಜ್ಜು, ಗ್ರೈಂಡರು, ಗೀಸರು. ಹಾಗಾಗಿ ವೈರಿಂಗ್ ಹೊಸದು ಮಾಡಿಸೋಣ ಅಂದಾಗ ನಮ್ಮನೆಯವರು ಮೊದಲು ಹೇಳಿದ್ದು, "ಅಪ್ಪ ಹಾಕಿಸಿದ್ದು ಐವತ್ತು ವರ್ಷ ನಡೆದಿದೆ, ಇನ್ನೂ ಐವತ್ತು ನಡೆಯುತ್ತೆ" ಅಂತ. ಅತ್ತೆಯವರಿಗೋ ಗೋಡೆ ಮುಟ್ಟುವುದೇ ಬೇಡ. ನಾನು ಯಾರೊಡನೆಯೂ ವಾದ ಮಾಡಲಿಲ್ಲ. ನನ್ನ ಚೀಟಿ ದುಡ್ಡು ತಂದು ಮೇಜಿನ ಮೇಲಿಟ್ಟೆ. ಮರುದಿನ ಲೈಸೆನ್ಸ್ ಇರುವ ಒಬ್ಬ ವೈರಿಂಗಿನವರನ್ನು ಕರೆತಂದರು.

ಅವರು ಮೊದಲು ಮಾಡಿದ್ದು ಮೇನ್ ಆಫ್ ಮಾಡಿ, ಗ್ರೈಂಡರಿನ ಪ್ಲಗ್ಗಿನ ಬೋರ್ಡು ಬಿಚ್ಚಿದ್ದು. "ಬಂದು ನೋಡಿ ಅಕ್ಕಾ" ಅಂದರು. ಪ್ಲಗ್ಗಿಗೆ ಮೂರು ಕಾಲು ಇರುತ್ತದಲ್ಲವೆ, ಮೇಲಿನದು ದಪ್ಪ? ಅದು ಅರ್ಥಿಂಗ್ ಕಾಲು. ಯಂತ್ರದ ಮೈಗೆ ಕರೆಂಟು ಹರಿದರೆ ಅದನ್ನು ನೆಲಕ್ಕೆ ಇಳಿಸುವ ದಾರಿ. ನಮ್ಮ ಬೋರ್ಡಿನಲ್ಲಿ ಮೂರು ತೂತುಗಳೇನೋ ಇದ್ದವು. ಹಿಂದೆ ನೋಡಿದರೆ ಎರಡಕ್ಕೆ ಮಾತ್ರ ವೈರು. ಮೂರನೆಯದರ ಸ್ಕ್ರೂ ತುಕ್ಕು ಹಿಡಿದು ಖಾಲಿ ಕೂತಿತ್ತು! ಇಡೀ ಮನೆಯಲ್ಲಿ ಎಲ್ಲೂ ಅರ್ಥಿಂಗ್ ಇರಲಿಲ್ಲ. ಕರೆಂಟಿಗೆ ನೆಲ ಮುಟ್ಟುವ ದಾರಿ ಬೇರೆ ಇಲ್ಲದೆ, ಮುಟ್ಟಿದವರ ಮೈಯೇ ದಾರಿ.

ಅಟ್ಟ ಹತ್ತಿದಾಗ ಇನ್ನೂ ಭಯವಾಯಿತು. ರಬ್ಬರು ಒಣಗಿ ಚಕ್ಕುಲಿಯ ಹಾಗೆ ಪುಡಿಯಾಗಿ, ಕೈ ತಾಗಿದರೆ ಉದುರುತ್ತಿತ್ತು. ಕೆಲವು ಕಡೆ ಇಲಿ ಕಡಿದು ತಂತಿ ಬರಿದಾಗಿತ್ತು. ಅದರ ಪಕ್ಕದಲ್ಲೇ ಅಡಿಕೆ ಸಿಪ್ಪೆ, ಹಳೇ ಪೇಪರು, ತೊಟ್ಟಿಲ ಹಗ್ಗ. ಇನ್ನೊಂದು ನಾಚಿಕೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಪಿಂಗಾಣಿ ಫ್ಯೂಸು ಪದೇ ಪದೇ ಹೋಗುತ್ತದೆ ಅಂತ ನಮ್ಮನೆಯವರು ಅದಕ್ಕೆ ದಪ್ಪ ತಾಮ್ರದ ಎಳೆ ಕಟ್ಟಿಟ್ಟಿದ್ದರು. ಆಮೇಲೆ ಹೋಗಲೇ ಇಲ್ಲ, ನಾವೂ ಸಂತೋಷಪಟ್ಟೆವು. ಫ್ಯೂಸು ಹೋಗುವುದೇ ವೈರು ಕಾದು ಉರಿಯದಿರಲಿ ಅಂತ. ಅದು ಕರಗದಿದ್ದರೆ ಕರಗುವುದು ಅಟ್ಟದ ಮೇಲಿನ ವೈರು.

ಹಳೆಯದನ್ನು ಒಂದೊಂದಾಗಿ ಉಳಿಸಿ ತೇಪೆ ಹಾಕಬಹುದೇ ಅಂತ ಕೇಳಿದೆ. ಆಗುವುದಿಲ್ಲ ಅಂದರು, ಹೊಸ ವೈರನ್ನು ಹಳೆಯದಕ್ಕೆ ಗಂಟು ಹಾಕಿದರೆ ಆ ಗಂಟೇ ಮುಂದೆ ಕಾಯುವ ಜಾಗ. ಹನ್ನೊಂದು ದಿನ ಕೆಲಸ ನಡೆಯಿತು. ಹೊರಗಿನಿಂದ ಒಂದು ದೀಪಕ್ಕೆ ಮಾತ್ರ ತಾತ್ಕಾಲಿಕ ಲೈನು. ಅಷ್ಟು ದಿನವೂ ಅವಲಕ್ಕಿ, ಗಂಜಿ, ಬೇಳೆಸಾರು, ಹಪ್ಪಳ. ಅತ್ತೆಯವರು ಎಪ್ಪತ್ತೆಂಟರ ವಯಸ್ಸಿನಲ್ಲಿ ಒರಳುಕಲ್ಲು ತೊಳೆದು ಒಂದು ದಿನ ಚಟ್ನಿ ರುಬ್ಬಿ, "ಇದಕ್ಕೆ ಯಾವ ಕರೆಂಟೂ ಬೇಡ" ಅಂತ ನನ್ನ ಮುಖ ನೋಡಿದರು. ಚಟ್ನಿ ಚೆನ್ನಾಗಿತ್ತು, ಒಪ್ಪಿಕೊಳ್ಳಲೇಬೇಕು.

ಗೋಡೆಯ ವಿಷಯದಲ್ಲಿ ಒಂದು ಎಚ್ಚರ. ಈಗ ಎಲ್ಲರಿಗೂ ಗೋಡೆಯೊಳಗೆ ಪೈಪು ಹುದುಗಿಸುವ ಆಸೆ. ನಮ್ಮದು ಎರಡು ಕೋಣೆ ಕಲ್ಲಿನದು, ಉಳಿದದ್ದು ಮಣ್ಣಿನ ಗೋಡೆ. ಮಣ್ಣಿನ ಗೋಡೆಗೆ ಮೆಷಿನ್ ಹಿಡಿದ ಮೊದಲ ದಿನವೇ ಗೇಣಗಲದ ಹೆಂಟೆ ಕಿತ್ತುಬಂತು. ನಿಲ್ಲಿಸಿದೆವು. ಅಂಥ ಕಡೆ ಗೋಡೆಯ ಮೇಲೆಯೇ ಪಿ.ವಿ.ಸಿ. ಪಟ್ಟಿ ಹೊಡೆದು ಅದರೊಳಗೆ ವೈರು ಬಿಟ್ಟರು. ನೋಡಲು ಅಷ್ಟು ಅಂದವಿಲ್ಲ, ಆದರೆ ಗೋಡೆ ನಿಂತಿದೆ. ಕೊರೆಯುವ ಕಡೆಯೂ ಮೇಲಿನಿಂದ ಕೆಳಕ್ಕೆ ನೇರವಾಗಿ ಕೊರೆಯಲಿ. ಅಡ್ಡಡ್ಡ ಉದ್ದಕ್ಕೆ ಕೊರೆದರೆ ಗೋಡೆಯ ಬಲ ಹೋಗುತ್ತದೆ.

ವೈರಿನ ದಪ್ಪದ ಲೆಕ್ಕ ಗೊತ್ತಿದ್ದರೆ ಒಳ್ಳೆಯದು, ಇದು ಹಿಟ್ಟಿನ ಅಳತೆಗಿಂತ ಕಷ್ಟವಲ್ಲ. ದೀಪ, ಫ್ಯಾನಿಗೆ ಒಂದೂವರೆ ಸ್ಕ್ವೇರ್. ಫ್ರಿಜ್ಜು, ಗ್ರೈಂಡರು, ಮಿಕ್ಸಿ ಇರುವ ಅಡುಗೆಮನೆಯ ಪ್ಲಗ್ಗಿಗೆ ಎರಡೂವರೆ. ಗೀಸರಿಗೆ ನಾಲ್ಕು, ಅದೂ ಮೇನ್ ಬೋರ್ಡಿನಿಂದ ನೇರ ಪ್ರತ್ಯೇಕ ಲೈನು. 2000 ವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ಪ್ಲಗ್ಗು ಕಂದುಬಣ್ಣಕ್ಕೆ ತಿರುಗದೆ ಏನು ಮಾಡೀತು? ವೈರಿನ ಮೇಲೆ ಐ.ಎಸ್.ಐ. ಗುರುತು ನೋಡಿ ತೆಗೆದುಕೊಳ್ಳಿ. ಒಂದು ಸುರುಳಿ ಅಂದರೆ ಸಾಮಾನ್ಯವಾಗಿ 90 ಮೀಟರು. ನಾನು ಖಾಲಿ ಪೊಟ್ಟಣಗಳನ್ನು ಎತ್ತಿಟ್ಟು ಬಿಲ್ಲಿನ ಜೊತೆ ಎಣಿಸಿದೆ. ಅಂಗಡಿಯವರ ಲೆಕ್ಕಕ್ಕೂ ನನ್ನ ಪೊಟ್ಟಣಕ್ಕೂ ಎರಡು ಸುರುಳಿ ವ್ಯತ್ಯಾಸ ಬಂತು. ಕೇಳಿದಾಗ "ತಪ್ಪಾಗಿದೆ" ಅಂತ ತಕ್ಷಣ ತಿದ್ದಿದರು. ಮೀಟರಿನ ಸೀಲನ್ನು ಮಾತ್ರ ವೈರಿಂಗಿನವರ ಕೈಯಲ್ಲೂ ಮುಟ್ಟಿಸಬೇಡಿ. ಅದು ಮೆಸ್ಕಾಂನವರ ಕೆಲಸ (ಅತ್ತೆಯವರ ಬಾಯಲ್ಲಿ ಅದಿನ್ನೂ ಕೆ.ಇ.ಬಿ.ಯೇ). ಲೋಡು ಹೆಚ್ಚಾದರೆ ಅರ್ಜಿಯನ್ನೂ ಅಲ್ಲೇ ಕೊಡಬೇಕು.

ಅರ್ಥಿಂಗ್ ಗುಂಡಿಯನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಗೋಡೆಯಿಂದ ಐದಾರು ಅಡಿ ಆಚೆ ತೋಡಿಸಿದೆವು. ಅಲ್ಲಿ ನೆಲ ಸದಾ ತೇವ. ಎಂಟು ಅಡಿಗೂ ಮಿಕ್ಕ ಉದ್ದದ ಜಿ.ಐ. ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು. ಅತ್ತೆಯವರಿಗೆ ಈ ಕೆಲಸ ಮಾತ್ರ ಬಹಳ ಹಿಡಿಸಿತು. ಉಪ್ಪಿನಕಾಯಿ ಹಾಕುವವರ ಶ್ರದ್ಧೆಯಲ್ಲಿ ಕೂತು ನೋಡಿದರು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವವರೂ ಈಗ ಅವರೇ.

ಗಾರೆ ಮೆತ್ತುವ ಮುಂಚೆ ಪ್ರತಿ ಬೋರ್ಡಿನ ಹತ್ತಿರ ನಾನು ನಿಂತು, ಹಸಿರು ವೈರು ಬಂದಿದೆಯೇ ಅಂತ ನೋಡಿದೆ. ಹಸಿರು ಅಂದರೆ ಅರ್ಥಿಂಗ್, ಕಪ್ಪು ನ್ಯೂಟ್ರಲ್. ದೇವರ ಕೋಣೆಯ ಬೋರ್ಡಿಗೆ ಹಸಿರು ಬಂದಿರಲಿಲ್ಲ. "ಅಲ್ಲಿ ಬರೀ ದೀಪದ ಸರ ತಾನೆ ಅಕ್ಕಾ" ಅಂದರು. ಎಳೆಯಲೇಬೇಕು ಅಂದೆ. ಆಮೇಲೆ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಯಾವ ಗೋಡೆಯಲ್ಲಿ ಪೈಪು ಎಲ್ಲಿ ಹೋಗಿದೆ, ಬಾಗಿಲ ಚೌಕಟ್ಟಿನಿಂದ ಎಷ್ಟು ಅಂಗುಲ, ಎಲ್ಲಾ ಬರೆದಿಟ್ಟೆ. ಮಗಳು ಮೊಬೈಲಿನಲ್ಲಿ ಫೋಟೋ ಹಿಡಿದು, "ಅಷ್ಟೆಲ್ಲ ಯಾಕಮ್ಮಾ ಬರೀತೀಯ" ಅಂದಿದ್ದಳು. ಆರು ತಿಂಗಳಲ್ಲಿ ಆ ಮೊಬೈಲು ಬಾವಿಗೆ ಬಿತ್ತು. ಗೋಡೆಗೆ ಮೊಳೆ ಹೊಡೆಯುವಾಗ ಈಗ ಎಲ್ಲರಿಗೂ ನನ್ನ ನೋಟ್‌ಬುಕ್ಕೇ ಬೇಕು.

ಕೊನೆಯ ದಿನ ಹೊಸ ಬೋರ್ಡಿಗೆ ಆರ್.ಸಿ.ಸಿ.ಬಿ. ಅನ್ನುವ ಸಾಧನ ಕೂರಿಸಿದರು. ಫ್ಯೂಸಿನ ಜಾಗಕ್ಕೆ ಬರುವ ಎಂ.ಸಿ.ಬಿ. ವೈರನ್ನು ಕಾಯುತ್ತದೆ, ಇದು ಮನುಷ್ಯರನ್ನು ಕಾಯುತ್ತದೆ. ಹೋದ ಕರೆಂಟು ಅಷ್ಟೇ ವಾಪಸ್ಸು ಬರದೆ ಎಲ್ಲೋ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿದುಬಿಡುತ್ತದೆ. ಮನೆಗೆ 30 ಮಿಲಿ ಆಂಪಿಯರಿನದು ಹಾಕಿಸಬೇಕು. ದೀಪ ಹಾಕಿದೆವು, ಸರಿ. ಫ್ಯಾನು, ಫ್ರಿಜ್ಜು, ಸರಿ. ಗ್ರೈಂಡರು ಹಾಕಿದೊಡನೆ ಟಪ್ ಅಂತ ಇಡೀ ಮನೆ ಕತ್ತಲು! ಮತ್ತೆ ಹಾಕಿದರೆ ಮತ್ತೆ ಟಪ್. ವೈರಿಂಗಿನವರ ಹುಡುಗ, "ಇದು ಹಳೇ ಮನೆಗೆ ಸರಿಬರಲ್ಲ ಅಕ್ಕಾ, ತೆಗೆದು ನೇರ ಕೊಟ್ಟುಬಿಡ್ತೀನಿ" ಅಂತ ಸ್ಕ್ರೂಡ್ರೈವರು ಎತ್ತಿದ. ನಮ್ಮನೆಯವರೂ ತಲೆಯಾಡಿಸಿದರು. ಹನ್ನೊಂದು ದಿನದ ಧೂಳು ಕುಡಿದು ಎಲ್ಲರಿಗೂ ಸಾಕಾಗಿತ್ತು. ನಾನು ಮಾತ್ರ ಬೋರ್ಡಿಗೆ ಅಡ್ಡ ನಿಂತೆ. ಹುಡುಗಿಯ ತಾಯಿ ಕೇಳಿದ ಮಾತು ಕಿವಿಯಲ್ಲಿತ್ತು. ಗ್ರೈಂಡರು ಬಿಚ್ಚಿ ನೋಡಿದರೆ ಮೋಟರಿನೊಳಗೆ ಹಿಟ್ಟಿನ ನೀರು ಇಳಿದು, ಸುರುಳಿಯ ಮೇಲಿನ ಲೇಪ ಸುಟ್ಟು, ತಂತಿ ಮೈಗೆ ತಾಗುತ್ತಿತ್ತು. ಇದೇ ಗ್ರೈಂಡರನ್ನು ಆಷಾಢದಲ್ಲಿ ರಿಪೇರಿಗೆ ಕೊಟ್ಟಾಗ, "ತಿರುಗ್ತಾ ಇದೆಯಲ್ಲ, ಸರಿ ಇದೆ" ಅಂತ ವಾಪಸ್ಸು ಕಳಿಸಿದ್ದರು. ಮೋಟರು ಹೊಸದು ಹಾಕಿಸಿದ ಮೇಲೆ ಒಮ್ಮೆಯೂ ಟಪ್ ಅಂದಿಲ್ಲ. ಗೀಸರನ್ನು ಗುಜರಿಗೆ ಕೊಟ್ಟೆವು.

ಆ ಸಾಧನದ ಮೇಲೆ ಟಿ ಅಕ್ಷರದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿದರೆ ಲೈನು ಕಡಿಯಬೇಕು. ಕಡಿಯದಿದ್ದರೆ ಅದು ಸತ್ತಿದೆ ಎಂದು ಅರ್ಥ, ಬದಲಾಯಿಸಬೇಕು. ನಾನು ಅಮಾವಾಸ್ಯೆಯ ದಿನ ಒತ್ತುತ್ತೇನೆ, ಮರೆಯುವುದಿಲ್ಲ ಅಂತ.

ಆ ಹುಡುಗಿ ನವರಾತ್ರಿಯ ಹೊತ್ತಿಗೆ ಮತ್ತೆ ಕೆಲಸಕ್ಕೆ ಬಂದಳು, ಈಗಲೂ ಬರುತ್ತಾಳೆ. ಹೊಸ ಬೋರ್ಡು, ಹಸಿರು ವೈರು, ಟಿ ಗುಂಡಿ, ಎಲ್ಲವನ್ನೂ ಅವಳಿಗೂ ಅವಳ ತಾಯಿಗೂ ಕರೆದು ತೋರಿಸಿದ್ದೇನೆ. ಮಣೆ ಈಗ ಊಟದ ಮನೆಯಲ್ಲಿದೆ. ಅಡುಗೆಮನೆಯ ಎಲ್ಲ ಕೆಲಸವನ್ನೂ ಅವಳು ಮಾಡುತ್ತಾಳೆ, ಗ್ರೈಂಡರಿನದೊಂದು ಬಿಟ್ಟು. ಮುಟ್ಟು ಅಂತ ನಾನೂ ಹೇಳುವುದಿಲ್ಲ.