ಸರಕು ವಾಹನದ ಎಂಜಿನ್ ಕಾದಾಗ

ಸರಕು ಹೇರಿದ ಲಾರಿಯು ಶಿರಾಡಿ ಘಾಟಿಯನ್ನು ಏರುವಾಗ ಉಷ್ಣಮಾಪಕದ ಮುಳ್ಳು ಕೆಂಪು ಗೆರೆ ಮುಟ್ಟಿದರೆ, ‘ಘಾಟಿ ಮುಗಿಯಲಿ’ ಎಂದು ಮುಂದುವರಿಯುವುದು ದುಬಾರಿ ತಪ್ಪು. ಅತಿ ಶಾಖಕ್ಕೆ ಸಿಲಿಂಡರ್ ಹೆಡ್ ಬಾಗಿ ಗ್ಯಾಸ್ಕೆಟ್ ಹೋದರೆ ಎಂಜಿನ್ ಬಿಚ್ಚಲೇಬೇಕಾಗುತ್ತದೆ. ದುರಸ್ತಿಯ ವೆಚ್ಚದೊಡನೆ ಸರಕಿನ ವಿಳಂಬವೂ ಮಾಲೀಕರ ಲೆಕ್ಕಕ್ಕೇ ಸೇರುತ್ತದೆ.

ಕೂಡಲೇ ವಾಹನವನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಕೂಡದು. ಒತ್ತಡದಲ್ಲಿರುವ ನೀರು 100 ಡಿಗ್ರಿ ಸೆಲ್ಸಿಯಸ್ ಮೀರಿಯೂ ಕಾದಿದ್ದು ಮುಖಕ್ಕೆ ಚಿಮ್ಮಬಹುದು.

ಕಾರಣವನ್ನು ಲಕ್ಷಣವೇ ಸೂಚಿಸುತ್ತದೆ. ಪೇಟೆಯ ದಟ್ಟಣೆಯಲ್ಲಿ ಕಾದು ಹೆದ್ದಾರಿಯಲ್ಲಿ ತಣಿದರೆ ಫ್ಯಾನನ್ನು ಪರೀಕ್ಷಿಸಬೇಕು. ಏರಿನಲ್ಲಿ ಮಾತ್ರ ಕಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ಥರ್ಮೋಸ್ಟಾಟ್ ಪೂರ್ಣ ತೆರೆಯದಿರಬಹುದು. ಹೊರಗೆ ಸೋರಿಕೆ ಕಾಣದೆ ಕೂಲಂಟ್ ಇಳಿಯುತ್ತಿದ್ದು, ಎಂಜಿನ್ ಆಯಿಲ್ ಹಾಲು ಬೆರೆತಂತೆ ತೋರಿದರೆ ಗ್ಯಾಸ್ಕೆಟ್ ಹೋಗಿರುವ ಸಂಭವವೇ ಹೆಚ್ಚು.

ಕೊಳವೆ ಬಾವಿಯ ಗಡಸು ನೀರು ರೇಡಿಯೇಟರಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ಆದುದರಿಂದ ತಯಾರಕರು ಸೂಚಿಸಿದ ಕೂಲಂಟನ್ನೇ ಬಳಸುವುದು ಲೇಸು. ಪ್ರತಿದಿನ ಹೊರಡುವ ಮುನ್ನ ಅದರ ಮಟ್ಟ ನೋಡುವ ಹೊಣೆಯನ್ನು ಚಾಲಕರಿಗೆ ವಹಿಸಿರಿ. ಎಂಜಿನ್ ಕಾದುದನ್ನು ಕಂಡು ವಾಹನ ನಿಲ್ಲಿಸಿದ ಚಾಲಕರನ್ನು ತಡವಾಯಿತೆಂದು ಗದರದಿರುವುದು ಅದಕ್ಕಿಂತಲೂ ಲಾಭಕರ.